ಬಿನ್, ಹಿಸ್ಸಾ, ಖರಾಬು: ಪಹಣಿಯ ಭಾಷೆ ಮತ್ತು ಅದರ ಹೊಸ ಓದುಗ

ಹರಿಹರ ತಾಲ್ಲೂಕಿನ ಕೊಕ್ಕನೂರಿನಂತಹ ಹಳ್ಳಿಯ ಒಂದು ಪಹಣಿಯನ್ನು ಎದುರಿಗಿಟ್ಟುಕೊಂಡು ನಿಧಾನವಾಗಿ ಓದಬೇಕು. ಜಮೀನಿನ ಲೆಕ್ಕದ ಜೊತೆಗೆ ಈ ಸೀಮೆಯನ್ನು ಆಳಿ ಹೋದವರ ಭಾಷೆಗಳ ಲೆಕ್ಕವೂ ಅದರಲ್ಲಿ ಸಿಗುತ್ತದೆ. 'ಪಹಣಿ' ಎಂಬ ಮಾತು ಮರಾಠಿಯಿಂದ ಬಂದದ್ದು. ನೋಡುವುದು, ಕಣ್ಣಾರೆ ತಪಾಸಣೆ ಮಾಡುವುದು ಎಂದು ಅದರ ಅರ್ಥ. 'ಸರ್ವೆ ನಂಬರು' ಇಂಗ್ಲಿಷಿನದು. ಅದರ ಪಕ್ಕದ 'ಹಿಸ್ಸಾ' ಅರಬ್ಬಿಯದು, ಪಾಲು ಎಂದರ್ಥ. 'ಖುಷ್ಕಿ' ಮತ್ತು 'ತರಿ' ಪಾರ್ಸಿಯ ಒಣ, ಹಸಿ ಎಂಬ ಪದಗಳು. ನಮ್ಮಲ್ಲಿ ಮಳೆಯನ್ನು ನಂಬಿದ ಹೊಲಕ್ಕೂ ನೀರಾವರಿಯ ಗದ್ದೆಗೂ ಹೆಸರಾಗಿ ನಿಂತವು. ತೋಟ 'ಬಾಗಾಯ್ತು' ಆಯಿತು. ಸತ್ತವರ ಹೆಸರಿನಿಂದ ಮಕ್ಕಳ ಹೆಸರಿಗೆ ಖಾತೆ ಬದಲಾಗುವುದು 'ಪೌತಿ' ಆಯಿತು. ಅರಬ್ಬಿಯಲ್ಲಿ 'ಫೌತ್' ಎಂದರೆ ಸಾವು. ವಾರಸುದಾರ, ತಕರಾರು, ಜಮಾಬಂದಿ, ತಹಶೀಲ್ದಾರ ಎಲ್ಲವೂ ಇದೇ ದಾರಿಯಲ್ಲಿ ಬಂದವು.

ಹೆಸರುಗಳ ನಡುವೆ ಬರುವ 'ಬಿನ್' ಎಂಬ ಪುಟ್ಟ ಪದವನ್ನು ವಿಶೇಷವಾಗಿ ಗಮನಿಸಬೇಕು. ಅರಬ್ಬಿಯಲ್ಲಿ ಅದಕ್ಕೆ ಮಗ ಎಂದರ್ಥ. ಹಳೆ ಮೈಸೂರು ಸೀಮೆಯ ಪಹಣಿಯಲ್ಲಿ ಖಾತೆದಾರ ಯಾವ ಜಾತಿಯವನಾಗಿರಲಿ, ಯಾವ ಧರ್ಮದವನಾಗಿರಲಿ, ಅವನ ಹೆಸರಿನ ನಂತರ 'ಬಿನ್', ಅದರ ನಂತರ ತಂದೆಯ ಹೆಸರು. ಹೆಣ್ಣುಮಗಳಾದರೆ 'ಕೋಂ' ಮತ್ತು ಗಂಡನ ಹೆಸರು. ಲಿಂಗಾಯತರ, ಕುರುಬರ, ದಲಿತರ, ಮುಸ್ಲಿಮರ ಮನೆಗಳ ಕಾಗದಗಳಲ್ಲಿ ಈ ಪದ ತಲೆಮಾರುಗಳಿಂದ ಯಾರಿಗೂ ಹೊರಗಿನದೆನಿಸದೆ ಉಳಿದುಕೊಂಡಿದೆ. ಇಂದಿನ ಮಕ್ಕಳಿಗೆ ಮಾತ್ರ ಇದು ಕಸದ ಡಬ್ಬಿಯ ಇಂಗ್ಲಿಷ್ ಪದದ ಹಾಗೆ ಕೇಳಿಸಬಹುದು.

ಮಕ್ಕಳಿಗಷ್ಟೇ ಅಲ್ಲ, ಯಂತ್ರಕ್ಕೂ ಹಾಗೆ ಕೇಳಿಸಬಹುದು. ಈ ಲೇಖನಕ್ಕೆ ಕಾರಣವೇ ಅದು. ಪಹಣಿಯಂತಹ ದಾಖಲೆಗಳಿಗೆ ಈಗ ಹೊಸಬನೊಬ್ಬ ಓದುಗ ಬರುತ್ತಿದ್ದಾನೆ. ಅವನಿಗೆ ಎಐ ಏಜೆಂಟ್ ಎಂದು ಹೆಸರು. ಅವನ ಕೈಗೆ ಒಂದು ಸಾಧನವನ್ನು ಕೊಡುವ ಮೊದಲು ಆ ಸಾಧನವೇನು, ಅದರಿಂದ ಬರುವ ಅಂಕಿಯ ಅರ್ಥವೇನು ಎಂದು ಬರೆದು ಕೊಡಬೇಕಾಗಿದೆ. ಹೀಗೆ ಬರೆಯಲು ಹೊರಟಾಗ ಮನುಷ್ಯರಿಗಾಗಿಯೂ ನಾವು ಇದನ್ನು ಎಂದೂ ಸರಿಯಾಗಿ ಬರೆದಿರಲಿಲ್ಲ ಎಂಬ ಸಂಗತಿ ಬಯಲಾಗುತ್ತದೆ.

ಬಾಯಲ್ಲಿದ್ದ ಕೈಪಿಡಿ

1687ರಲ್ಲಿ ಮೊಘಲರು ಶಿರಾವನ್ನು ರಾಜಧಾನಿಯಾಗಿಸಿ ಒಂದು ಸುಬಾ ರಚಿಸಿದರು. ಅದರ ಏಳು ಪರಗಣೆಗಳಲ್ಲಿ ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ಬಸವಾಪಟ್ಟಣವೂ ಒಂದು. ಹರಪನಹಳ್ಳಿ, ಚಿತ್ರದುರ್ಗ, ಬಿದನೂರುಗಳು ಕಪ್ಪ ಕೊಡುವ ಪ್ರದೇಶಗಳ ಸಾಲಿನಲ್ಲಿದ್ದವು. ಅದಕ್ಕೂ ಮೊದಲು ಬಿಜಾಪುರದ ಆದಿಲಶಾಹಿ, ನಂತರ ಮರಾಠರು, ಹೈದರ್ ಮತ್ತು ಟಿಪ್ಪು, ಆಮೇಲೆ ಮೈಸೂರು ಅರಸರು, 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು. ಆಳುವವರು ಬದಲಾದಂತೆ ಕಾಗದದ ಮೇಲಿನ ಭಾಷೆಯೂ ಬದಲಾಯಿತು. ಬದಲಾಗದೆ ಉಳಿದವನು ಹಳ್ಳಿಯ ಶ್ಯಾನುಭೋಗ.

ಶ್ಯಾನುಭೋಗನ ಕೆಲಸ ವಂಶಪಾರಂಪರ್ಯವಾದದ್ದು. ಲೆಕ್ಕದ ಕಾಗದದಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಅದನ್ನು ಹೇಗೆ ಓದಬೇಕು ಎಂಬುದು ಅವನ ನಿಜವಾದ ಆಸ್ತಿಯಾಗಿತ್ತು. ಯಾವ ಗುರುತಿಗೆ ಯಾವ ಅರ್ಥ, ಯಾವ ಅಂಕಿ ಹಳೆಯದು, ಯಾವ ಹೆಸರಿನವರು ತೀರಿಕೊಂಡು ಎಷ್ಟು ವರ್ಷವಾಯಿತು ಎಂಬುದೆಲ್ಲ ಅವನ ತಲೆಯಲ್ಲಿತ್ತು, ಕಡತದಲ್ಲಿ ಇರಲಿಲ್ಲ. ರೈತ ಕೇಳಿದರೆ ಅವನು ಹೇಳುತ್ತಿದ್ದ; ಹೇಳಲು ಇಷ್ಟವಿಲ್ಲದಿದ್ದರೆ ಹೇಳುತ್ತಿರಲಿಲ್ಲ. ಹಳ್ಳಿಯಲ್ಲಿ ಅವನ ಅಧಿಕಾರ ನಿಂತದ್ದೇ ಈ ಬರೆಯದೆ ಉಳಿದ ತಿಳಿವಳಿಕೆಯ ಮೇಲೆ.

1863ರಲ್ಲಿ ಮೈಸೂರು ಸೀಮೆಯಲ್ಲಿ ಮುಂಬಯಿ ಪದ್ಧತಿಯ ಕಂದಾಯ ಸರ್ವೆ ಆರಂಭವಾಯಿತು. 33 ಅಡಿ ಉದ್ದದ ಸರಪಳಿ ಹಿಡಿದು ಹೊಲಗಳನ್ನು ಅಳೆದರು. ಆ ಸರಪಳಿಯನ್ನು 16 ಆಣೆಗಳಾಗಿ ವಿಭಾಗಿಸಲಾಗಿತ್ತು. ಸರಪಳಿಯ ಉದ್ದ, ಸರಪಳಿಯ ಅಗಲ, ಅಂದರೆ 33 ಅಡಿಗೆ 33 ಅಡಿ, ಒಟ್ಟು 1,089 ಚದರ ಅಡಿ ಸೇರಿದರೆ ಒಂದು ಗುಂಟೆ. ಅಂತಹ 40 ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಇಂದಿಗೂ ನಮ್ಮ ಪಹಣಿಯ ವಿಸ್ತೀರ್ಣ ನಿಂತಿರುವುದು ಈ ಸರಪಳಿಯ ಲೆಕ್ಕದ ಮೇಲೆಯೇ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಶ್ಯಾನುಭೋಗಿಕೆ ಹೋಯಿತು. ಸಂಬಳ ಪಡೆಯುವ, ವರ್ಗಾವಣೆಯಾಗುವ ಗ್ರಾಮ ಲೆಕ್ಕಿಗ ಬಂದ. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಇದು ಸ್ವಾಗತಾರ್ಹ ಬದಲಾವಣೆಯಾಗಿತ್ತು. 1974ರಲ್ಲಿ ಉಳುವವನೇ ಹೊಲದೊಡೆಯ ಎಂಬ ಭೂಸುಧಾರಣೆ ಜಾರಿಗೆ ಬಂದಾಗ ಪಹಣಿಯ ಒಂದೊಂದು ಕಾಲಂ ಎಷ್ಟು ಮುಖ್ಯ ಎಂಬುದು ಗೇಣಿದಾರರಿಗೆ ಅರಿವಾಯಿತು. ಖಾತೆದಾರನ ಹೆಸರು ಇರುವುದು 9ನೇ ಕಾಲಂನಲ್ಲಿ, ಸಾಗುವಳಿ ಮಾಡುವವನ ಹೆಸರು ಇರುವುದು 12ನೇ ಕಾಲಂನಲ್ಲಿ. ಎರಡನೆಯದರಲ್ಲಿ ಹೆಸರಿದ್ದವನಿಗೆ ಗೇಣಿ ಹಕ್ಕಿನ ಅರ್ಜಿಯಲ್ಲಿ ಅದು ದೊಡ್ಡ ಪುರಾವೆಯಾಯಿತು. ಕಾಲಂಗಳ ಅರ್ಥ ಗೊತ್ತಿಲ್ಲದವನು ಕಚೇರಿಯಿಂದ ಬರಿಗೈಯಲ್ಲಿ ಮರಳಿದ.

ಭೂಮಿ ಯೋಜನೆ

2000ದ ಸುಮಾರಿಗೆ ಕರ್ನಾಟಕದಲ್ಲಿ 'ಭೂಮಿ' ಯೋಜನೆ ಆರಂಭವಾಗಿ 2002ರ ವೇಳೆಗೆ ರಾಜ್ಯದ ಎಲ್ಲ ತಾಲ್ಲೂಕುಗಳಿಗೆ ಹರಡಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ತುಂಬಲಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಬರುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ದೇಶದ ಬೇರೆ ರಾಜ್ಯಗಳು ಇದನ್ನು ನೋಡಲು ಬಂದವು. ಲೆಕ್ಕಿಗನನ್ನು ಹುಡುಕಿಕೊಂಡು ಅಲೆಯುವ, ಒಂದು ನಕಲಿಗಾಗಿ ಕೈ ಬಿಸಿ ಮಾಡುವ ಪರಿಪಾಠ ಬಹುಮಟ್ಟಿಗೆ ತಗ್ಗಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಗಣಕಯಂತ್ರಕ್ಕೆ ಹೋದದ್ದು ಕಾಗದದ ಮೇಲಿದ್ದ ಅಕ್ಷರ ಮತ್ತು ಅಂಕಿ ಮಾತ್ರ. ಶ್ಯಾನುಭೋಗನ ತಲೆಯಲ್ಲಿ, ಆಮೇಲೆ ಗ್ರಾಮ ಲೆಕ್ಕಿಗನ ಅನುಭವದಲ್ಲಿ ಇದ್ದ ಅರ್ಥ ಅದರ ಜೊತೆ ಹೋಗಲಿಲ್ಲ. ಇಂದು ಕಂದಾಯ ಇಲಾಖೆಯ ಭೂದಾಖಲೆಗಳ ಜಾಲತಾಣದಲ್ಲಿ ಒಬ್ಬರು ಪಹಣಿ ನೋಡಬೇಕೆಂದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ, ಸರ್ವೆ ನಂಬರು ಹಾಕಿ, ನಂತರ 'ಸರ್ನಾಕ್' ಎಂಬ ಒಂದು ಮನೆ ತುಂಬಬೇಕು, ಆಮೇಲೆ ಹಿಸ್ಸಾ ನಂಬರು. ಈ ಸರ್ನಾಕ್ ಎಂದರೇನು ಎಂದು ಹಳ್ಳಿಯ ಓದು ಬಲ್ಲವರೂ ತಬ್ಬಿಬ್ಬಾಗುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಇರುವುದು ಒಂದು ನಕ್ಷತ್ರದ ಚಿಹ್ನೆ. ಅದನ್ನೇ ಆರಿಸಿ ಮುಂದೆ ಹೋಗುವುದು ರೂಢಿ. ಈ ರೂಢಿಯನ್ನು ಸೈಬರ್ ಸೆಂಟರಿನ ಹುಡುಗ ಬಾಯಲ್ಲಿ ಹೇಳಿಕೊಡುತ್ತಾನೆ. ಒಂದು ಅರ್ಥದಲ್ಲಿ ಅವನೇ ನಮ್ಮ ಕಾಲದ ಶ್ಯಾನುಭೋಗ.

ಕೇಳದೆ ಊಹಿಸುವ ಓದುಗ

ಈಗ ಎಐ ಏಜೆಂಟ್ ಎಂದರೇನು ಎಂಬುದನ್ನು ಸ್ವಲ್ಪ ನೋಡೋಣ. ಪ್ರಶ್ನೆಗೆ ಉತ್ತರ ಬರೆಯುವ ಭಾಷಾ ಮಾದರಿಗಳು 2022ರ ಕೊನೆಯಿಂದ ಎಲ್ಲರಿಗೂ ಪರಿಚಿತವಾಗಿವೆ. 2023ರ ಜೂನ್‌ನಲ್ಲಿ ಓಪನ್‌ಎಐ ಕಂಪನಿ, ಇಂತಹ ಮಾದರಿ ತಾನೇ ಬೇರೆ ತಂತ್ರಾಂಶಗಳನ್ನು ಕರೆದು ಕೆಲಸ ಮಾಡಿಸುವ ವ್ಯವಸ್ಥೆಯನ್ನು ತಂತ್ರಜ್ಞರ ಕೈಗೆ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಎಂಬ ಮುಕ್ತ ನಿಯಮಾವಳಿಯನ್ನು ಪ್ರಕಟಿಸಿತು. ಯಾವುದೇ ಸಾಧನವನ್ನು ಯಾವುದೇ ಮಾದರಿಗೆ ಒಂದೇ ರೀತಿಯಲ್ಲಿ ಜೋಡಿಸುವುದು ಅದರ ಉದ್ದೇಶ. ಕೊಟ್ಟ ಗುರಿಯನ್ನು ಮುಟ್ಟಲು ಇಂತಹ ಸಾಧನಗಳನ್ನು ಒಂದಾದ ಮೇಲೊಂದು ತಾನೇ ಬಳಸುತ್ತ ಹೋಗುವ ಮಾದರಿಯೇ ಏಜೆಂಟ್.

ಇಲ್ಲಿ ಮುಖ್ಯವಾದ ಒಂದು ಸಂಗತಿಯಿದೆ. ಸಾಧನದ ಒಳಗಿನ ತಂತ್ರಾಂಶವನ್ನು ಏಜೆಂಟ್ ಸಾಮಾನ್ಯವಾಗಿ ನೋಡುವುದಿಲ್ಲ. ಅದಕ್ಕೆ ಕಾಣುವುದು ಸಾಧನದ ಹೆಸರು, ಅದು ಏನು ಮಾಡುತ್ತದೆ ಎಂಬ ವಿವರಣೆ, ಯಾವ ಯಾವ ಮಾಹಿತಿ ತುಂಬಬೇಕು ಎಂಬ ಪಟ್ಟಿ ಮತ್ತು ಕೊನೆಗೆ ಬರುವ ಉತ್ತರ. ಈ ಕೆಲವು ಸಾಲುಗಳನ್ನು ನಂಬಿಕೊಂಡು ಅದು ತೀರ್ಮಾನ ಮಾಡುತ್ತದೆ. ಮನುಷ್ಯ ಗುಮಾಸ್ತನಿಗೆ ಅನುಮಾನ ಬಂದರೆ ಪಕ್ಕದ ಮೇಜಿನವನನ್ನು ಕೇಳುತ್ತಾನೆ. ಏಜೆಂಟ್ ಅನೇಕ ಬಾರಿ ಕೇಳುವುದಿಲ್ಲ. ಬಿಟ್ಟ ಜಾಗವನ್ನು ತನ್ನ ಊಹೆಯಿಂದ ತುಂಬಿಕೊಂಡು, ಅಳುಕಿಲ್ಲದ ಭಾಷೆಯಲ್ಲಿ ಉತ್ತರ ಹೇಳಿಬಿಡುತ್ತದೆ.

ಪಹಣಿ ತೋರಿಸುವ ಒಂದು ಸಾಧನವನ್ನು ಇಂತಹ ಏಜೆಂಟಿಗೆ ಜೋಡಿಸಿದ್ದಾರೆ ಎಂದು ಭಾವಿಸೋಣ. ಮೊಬೈಲಿನಲ್ಲಿ ಕನ್ನಡದಲ್ಲಿ ಮಾತಾಡಿ ತನ್ನ ಜಮೀನಿನ ವಿವರ ಕೇಳುವ ರೈತನಿಗೆ ಇದರಿಂದ ನಿಜಕ್ಕೂ ಉಪಕಾರವಾದೀತು. ಆದರೆ ವಿವರಣೆ ಸರಿಯಿಲ್ಲದಿದ್ದರೆ ಏನೇನಾಗಬಹುದು ಎಂಬುದನ್ನು ಲೆಕ್ಕ ಹಾಕಬೇಕು.

ಮೊದಲನೆಯದು ಚುಕ್ಕಿ. ಪಹಣಿಯಲ್ಲಿ 3.20 ಎಂದು ಬರೆದಿದ್ದರೆ ಅದು 3 ಎಕರೆ 20 ಗುಂಟೆ, ಅಂದರೆ ಮೂರೂವರೆ ಎಕರೆ. ದಶಮಾಂಶ ಬಲ್ಲ ಯಂತ್ರ ಅದನ್ನು 3.2 ಎಕರೆ ಎಂದು ಓದಿದರೆ 3 ಎಕರೆ 8 ಗುಂಟೆ ಆಗುತ್ತದೆ. 12 ಗುಂಟೆ ಹೋಯಿತು. ಇಬ್ಬರು ಅಣ್ಣತಮ್ಮಂದಿರಿಗೆ ತಲಾ 1.30 ಇದೆ ಎನ್ನಿ. ಕೂಡಿದರೆ ಯಂತ್ರದ ಲೆಕ್ಕದಲ್ಲಿ 2.60. ನಿಜವಾದ ಮೊತ್ತ 3 ಎಕರೆ 20 ಗುಂಟೆ. 2.60 ಎಂಬುದನ್ನು ಎಕರೆಯ ದಶಮಾಂಶವೆಂದು ಹಿಡಿದರೆ 36 ಗುಂಟೆ ಕಾಗದದಿಂದಲೇ ಕಾಣೆಯಾಯಿತು. ಎರಡು ಮೂರು ಎಕರೆಯ ಸಂಸಾರಕ್ಕೆ ಇದು ಸಣ್ಣ ಮಾತಲ್ಲ.

ಎರಡನೆಯದು ಓರೆಗೆರೆ. 45/2 ಎಂದರೆ 45ನೇ ಸರ್ವೆ ನಂಬರಿನ 2ನೇ ಹಿಸ್ಸಾ. ಅಂಕಿ ಎಂದು ಭಾವಿಸಿದ ತಂತ್ರಾಂಶ ಅದನ್ನು ಭಾಗಿಸಿ ಇಪ್ಪತ್ತೆರಡೂವರೆ ಮಾಡಬಹುದು. 5/2 ಎಂಬುದನ್ನು ಫೆಬ್ರವರಿ 5 ಎಂಬ ತಾರೀಖು ಮಾಡಬಹುದು. ಇದು ತಮಾಷೆಯಲ್ಲ. ಮನುಷ್ಯನ ವಂಶವಾಹಿಗಳಲ್ಲಿ 'ಮಾರ್ಚ್ 1', 'ಸೆಪ್ಟ್ 1' ಎಂಬ ಸಂಕ್ಷೇಪ ನಾಮಗಳಿದ್ದವು. ಎಕ್ಸೆಲ್ ತಂತ್ರಾಂಶ ಅವುಗಳನ್ನು ತಾರೀಖುಗಳನ್ನಾಗಿ ಬದಲಿಸಿ ವಿಜ್ಞಾನಿಗಳ ಪಟ್ಟಿಗಳನ್ನು ಕೆಡಿಸುತ್ತಿತ್ತು. ಕೊನೆಗೆ 2020ರಲ್ಲಿ ಆ ವಂಶವಾಹಿಗಳ ಹೆಸರನ್ನೇ ಬದಲಿಸಬೇಕಾಯಿತು.

ಮೂರನೆಯದು ಪದಗಳು. 'ಪೌತಿ'ಯನ್ನು 'ಪಾವತಿ' ಎಂದು ತಿಳಿದರೆ ಸಾವಿನ ವಿಷಯ ಹಣ ಕಟ್ಟುವ ವಿಷಯವಾಗುತ್ತದೆ. 'ತರಿ' ಎಂದರೆ ಅಚ್ಚಗನ್ನಡದಲ್ಲಿ ಕಡಿ ಎಂದರ್ಥ. ಪಹಣಿಯಲ್ಲಿ ನೀರಾವರಿ ಜಮೀನು. 'ಖರಾಬು' ಇನ್ನೂ ಸೂಕ್ಷ್ಮ. ಆಡುಮಾತಿನಲ್ಲಿ ಕೆಟ್ಟದ್ದು ಎಂದಾದರೂ ಕಂದಾಯದ ಲೆಕ್ಕದಲ್ಲಿ ಅದರಲ್ಲಿ ಎರಡು ಬಗೆ. 'ಎ' ಖರಾಬು ಎಂದರೆ ಬೇಸಾಯಕ್ಕೆ ಬಾರದ ನೆಲ. ರೈತನ ಕಣ, ಹೊಲದ ಕಟ್ಟಡ ಇರುವ ಜಾಗವೂ ಅದರಲ್ಲಿ ಸೇರಿತು. 'ಬಿ' ಖರಾಬು ಎಂದರೆ ದಾರಿ, ಹಳ್ಳ, ಕೆರೆ, ಸ್ಮಶಾನ, ಖಬರಸ್ತಾನ ಮುಂತಾಗಿ ಸಾರ್ವಜನಿಕರಿಗೆ ಮೀಸಲಾದ ನೆಲ. ಎರಡನ್ನೂ ಒಂದೇ ಎಂದು ಕೂಡಿಸಿ ಹೇಳುವ ಏಜೆಂಟ್, ಊರಿನ ದಾರಿಯನ್ನೋ ಸತ್ತವರನ್ನು ಮಲಗಿಸುವ ನೆಲವನ್ನೋ ಒಬ್ಬನ ಖಾಸಗಿ ಸ್ವತ್ತಿನ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಇಂತಹ ಒಂದೊಂದು ಗೊಂದಲ ಹಳ್ಳಿಯಲ್ಲಿ ಎಷ್ಟು ವರ್ಷದ ವ್ಯಾಜ್ಯವಾಗಬಲ್ಲದು, ಕೆಲವೊಮ್ಮೆ ಎರಡು ಸಮುದಾಯಗಳ ನಡುವಿನ ಕಹಿಯಾಗಬಲ್ಲದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು ಊರಿನ ವಿಳಾಸ. 1997ರ ಆಗಸ್ಟ್ 15ರವರೆಗೆ ಹರಿಹರ ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹರಪನಹಳ್ಳಿಯ ಕಥೆ ಇನ್ನೂ ಉದ್ದ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ. ಅಜ್ಜನ ಕ್ರಯಪತ್ರದಲ್ಲಿರುವ ಜಿಲ್ಲೆಯ ಹೆಸರನ್ನೇ ತುಂಬಿ ಹುಡುಕಿದರೆ ದಾಖಲೆ ಸಿಗುವುದಿಲ್ಲ. ಆಗ ಸಾಧನ ಬರಿದಾದ ಉತ್ತರ ಕೊಟ್ಟರೆ ಏಜೆಂಟ್ ಅದನ್ನು 'ನಿಮ್ಮ ಹೆಸರಿನಲ್ಲಿ ಜಮೀನಿಲ್ಲ' ಎಂದು ಅನುವಾದಿಸಿ ರೈತನ ಮುಂದೆ ಇಡಬಹುದು.

ಬಗ್ದಾದಿನಿಂದ ಹರಿಹರದ ಲೇತಿನವರೆಗೆ

ಎದುರಿಗಿಲ್ಲದ, ತಿರುಗಿ ಪ್ರಶ್ನೆ ಕೇಳಲಾಗದ ಓದುಗನಿಗಾಗಿ ಬರೆಯುವುದು ಹೊಸ ಸಮಸ್ಯೆಯೇನಲ್ಲ. 9ನೇ ಶತಮಾನದ ಬಗ್ದಾದಿನಲ್ಲಿ, ಖಲೀಫ ಅಲ್ ಮಾಮೂನನ ಕಾಲದಲ್ಲಿ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಜ್ಮಿ ಬೀಜಗಣಿತದ ಪುಸ್ತಕ ಬರೆದ. ವಾರಸು, ಉಯಿಲು, ಪಾಲು, ವ್ಯಾಜ್ಯ, ವ್ಯಾಪಾರ, ನೆಲ ಅಳೆಯುವುದು, ಕಾಲುವೆ ತೋಡುವುದು ಮುಂತಾದವುಗಳಲ್ಲಿ ಜನರಿಗೆ ಬೇಕಾಗುವ ಲೆಕ್ಕಕ್ಕಾಗಿ ಬರೆದೆ ಎಂಬುದು ಪೀಠಿಕೆಯಲ್ಲಿ ಅವನು ಕೊಡುವ ಕಾರಣ. ಪುಸ್ತಕದ ದೊಡ್ಡ ಭಾಗವೊಂದು ಉಯಿಲು ಮತ್ತು ವಾರಸು ಹಂಚಿಕೆಯ ಲೆಕ್ಕಗಳಿಗೇ ಮೀಸಲು. ಅವನು ಇಂದಿನ ಬೀಜಗಣಿತದ ಚಿಹ್ನೆಗಳನ್ನು ಬಳಸಲಿಲ್ಲ. ಪ್ರತಿ ಹೆಜ್ಜೆಯನ್ನೂ ಮಾತಿನಲ್ಲಿ ಬರೆದ. ಲ್ಯಾಟಿನ್‌ನಲ್ಲಿ ರೂಪಾಂತರಗೊಂಡ ಅವನ ಹೆಸರಿನಿಂದಲೇ 'ಅಲ್ಗಾರಿದಂ' ಎಂಬ ಪದ ಬಂತು. ಇಂದಿನ ಎಲ್ಲ ತಂತ್ರಾಂಶಗಳ ಬೆನ್ನೆಲುಬಿಗೆ ಒಬ್ಬ ಕೈಪಿಡಿ ಬರೆದವನ ಹೆಸರಿದೆ ಎಂಬುದನ್ನು ನೆನಪಿಡಬೇಕು.

1206ರಲ್ಲಿ ಅಲ್ ಜಝರಿ ನೀರಿನ ಗಡಿಯಾರ, ನೀರೆತ್ತುವ ಯಂತ್ರ ಮುಂತಾದ ಸುಮಾರು 50 ಸಾಧನಗಳ ಪುಸ್ತಕ ಬರೆದ. ಅದರ ವಿಶೇಷವೆಂದರೆ ಚಿತ್ರದ ಜೊತೆಗೆ ಪ್ರತಿ ಭಾಗದ ಅಳತೆ, ಮಾಡುವ ವಿಧಾನ, ಜೋಡಿಸುವ ಕ್ರಮ ಎಲ್ಲವನ್ನೂ ಅವನು ಕೊಟ್ಟ. ತಾನು ಎಂದೂ ನೋಡದ ಕುಶಲಕರ್ಮಿ ಅದನ್ನು ಓದಿ ಯಂತ್ರ ಕಟ್ಟಬಲ್ಲವನಾಗಬೇಕು ಎಂಬ ಎಚ್ಚರ ಪುಟಪುಟದಲ್ಲಿಯೂ ಕಾಣುತ್ತದೆ. 20ನೇ ಶತಮಾನದಲ್ಲಿ ಎಂಜಿನಿಯರುಗಳು ಆ ವಿವರಣೆ ಹಿಡಿದು ಅವನ ಕೆಲವು ಯಂತ್ರಗಳನ್ನು ಮತ್ತೆ ಕಟ್ಟಿದರು.

ದೂರ ಹೋಗುವುದೇಕೆ, ಹರಿಹರದಲ್ಲೇ ಉದಾಹರಣೆಯಿದೆ. 1941ರಲ್ಲಿ ಇಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳನ್ನು ತಯಾರಿಸಿ ದೇಶದ ಎಲ್ಲೆಡೆಗೆ ಕಳಿಸಿತು. ಕಾರ್ಖಾನೆ ಈಗ ಇಲ್ಲ, ಅದರ ಲೇತುಗಳು ಇಂದಿಗೂ ಹಲವು ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ. ತಿರುಪಿನ ಎಳೆ ಕೊರೆಯುವ ಲೇತಿನ ಮೈಮೇಲೆ ಒಂದು ಲೋಹದ ಫಲಕ ಇರುತ್ತದೆ. ಎಷ್ಟು ಎಳೆ ಬೇಕಾದರೆ ಯಾವ ಹಿಡಿಕೆ ಎಲ್ಲಿರಬೇಕು ಎಂಬ ಕೋಷ್ಟಕ ಅದರಲ್ಲಿದೆ. ದಪ್ಪ ಕೈಪಿಡಿ ಕಚೇರಿಯ ಕಪಾಟಿನಲ್ಲಿದ್ದರೂ ಕೆಲಸಗಾರನಿಗೆ ನೆರವಾಗುವುದು ಕೈಯಳತೆಯಲ್ಲಿರುವ ಈ ಫಲಕ. ಏಜೆಂಟಿಗೆ ಕೊಡುವ ಸಾಧನದ ವಿವರಣೆಯೂ ಇಂತಹ ಫಲಕವೇ. ಕೆಲಸ ನಡೆಯುವ ಜಾಗದಲ್ಲಿ, ಬೇಕಾದಷ್ಟೇ, ಅಳತೆಯ ಮಾನ ಸಹಿತ ಇರಬೇಕು. ನೂರು ಪುಟದ ಕೈಪಿಡಿಯನ್ನು ಸುರಿದರೆ ಮುಖ್ಯವಾದ ಸಾಲು ಅದರಲ್ಲಿ ಮುಳುಗಿಹೋಗುತ್ತದೆ.

ಕಪಾಟಿನ ಕೈಪಿಡಿ ಏಕೆ ಸಾಲದು ಎಂಬುದಕ್ಕೆ ಇನ್ನೊಂದು ಪ್ರಸಂಗವಿದೆ. 1999ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಮಂಗಳ ಗ್ರಹದ ನೌಕೆಯೊಂದು ನಾಶವಾಯಿತು. ನೆಲದ ಮೇಲಿನ ಒಂದು ತಂತ್ರಾಂಶ ಬಲದ ಲೆಕ್ಕವನ್ನು ಪೌಂಡಿನ ಮಾನದಲ್ಲಿ ಕೊಟ್ಟಿತು. ಇನ್ನೊಂದು ಅದನ್ನು ಮೆಟ್ರಿಕ್ ಎಂದು ತಿಳಿದು ಬಳಸಿತು. ಮೆಟ್ರಿಕ್‌ನಲ್ಲೇ ಕೊಡಬೇಕೆಂದು ದಾಖಲೆಯಲ್ಲಿ ಬರೆದಿತ್ತು, ಆದರೆ ಅಂಕಿಯ ಜೊತೆ ಅದರ ಮಾನ ಪ್ರಯಾಣಿಸಲಿಲ್ಲ. ಆದ್ದರಿಂದ ವಿವರಣೆ ಬೇರೆಲ್ಲೋ ಇದ್ದರೆ ಸಾಲದು, ಉತ್ತರದ ಅಂಕಿಯೇ ತನ್ನ ಮಾನವನ್ನು ಹೊತ್ತು ಬರಬೇಕು.

ಹೇಗೆ ಬರೆಯಬೇಕು?

ಇದನ್ನೆಲ್ಲ ಪಹಣಿಗೆ ಅನ್ವಯಿಸಿದರೆ ಸಾಧನದ ವಿವರಣೆ ಸುಮಾರಾಗಿ ಹೀಗಿರಬೇಕಾಗುತ್ತದೆ:

"ಈ ಸಾಧನ ಒಂದು ಹಿಸ್ಸೆಯ ಪಹಣಿಯನ್ನು ತೋರಿಸುತ್ತದೆ. ಏನನ್ನೂ ಬದಲಿಸುವುದಿಲ್ಲ. ಜಿಲ್ಲೆ, ತಾಲ್ಲೂಕು ಎಂದರೆ ಇಂದಿನವು. ಹಳೆಯ ಪತ್ರದಲ್ಲಿರುವ ಜಿಲ್ಲೆ ಬೇರೆಯಿರಬಹುದು, ಬಳಕೆದಾರರನ್ನು ಕೇಳು. ಸರ್ವೆ ನಂಬರು ಮತ್ತು ಹಿಸ್ಸಾವನ್ನು ಅಕ್ಷರಗಳೆಂದು ತಿಳಿ, ಭಾಗಿಸಬೇಡ. ವಿಸ್ತೀರ್ಣ ಎಕರೆ, ಗುಂಟೆ, ಆಣೆ ಎಂದು ಬೇರೆ ಬೇರೆ ಮನೆಗಳಲ್ಲಿ ಬರುತ್ತದೆ. 16 ಆಣೆಗೆ 1 ಗುಂಟೆ, 40 ಗುಂಟೆಗೆ 1 ಎಕರೆ. ಎ ಖರಾಬು, ಬಿ ಖರಾಬು ಬೇರೆ ಬೇರೆ. ಬಿ ಖರಾಬನ್ನು ಖಾತೆದಾರನ ಸ್ವತ್ತೆಂದು ಹೇಳಬೇಡ. 9ನೇ ಕಾಲಂ ಖಾತೆದಾರ, 12ನೇ ಕಾಲಂ ಸಾಗುವಳಿದಾರ. ಬಿನ್ ಎಂದರೆ ಮಗ, ಕೋಂ ಎಂದರೆ ಹೆಂಡತಿ. ಇವು ಹೆಸರಿನ ಭಾಗವಲ್ಲ, ಇವುಗಳಿಂದ ಧರ್ಮವನ್ನು ಊಹಿಸಬೇಡ."

ಇದರಲ್ಲಿ ಯಾವ ಪಾಂಡಿತ್ಯವೂ ಇಲ್ಲ. ಅನುಭವವುಳ್ಳ ಒಬ್ಬ ಗ್ರಾಮ ಲೆಕ್ಕಿಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಮೊದಲ ವಾರದಲ್ಲಿ ಹೇಳಿಕೊಡುವ ಮಾತುಗಳಿವು.

ತಪ್ಪಾದಾಗ ಸಾಧನ ಏನು ಹೇಳಬೇಕು ಎಂಬುದೂ ವಿವರಣೆಯ ಭಾಗವೇ. ಬರೀ 'ದೋಷ' ಎಂದರೆ ಏಜೆಂಟ್ ಮತ್ತೆ ಊಹೆಗೆ ಇಳಿಯುತ್ತದೆ. 'ಈ ಸರ್ವೆ ನಂಬರಿನಲ್ಲಿ 7ನೇ ಹಿಸ್ಸಾ ಇಲ್ಲ, 1ರಿಂದ 4ರವರೆಗೆ ಮಾತ್ರ ಇವೆ' ಎಂದರೆ ಅದು ಸರಿಯಾದ ಪ್ರಶ್ನೆಯನ್ನು ರೈತನಿಗೆ ಕೇಳಬಹುದು. ದಾಖಲೆ ಇಲ್ಲ ಎಂಬುದು ಬೇರೆ, ಸರ್ವರ್ ಈಗ ಕೆಲಸ ಮಾಡುತ್ತಿಲ್ಲ ಎಂಬುದು ಬೇರೆ. ಎರಡಕ್ಕೂ ಒಂದೇ ಖಾಲಿ ಹಾಳೆ ಕೊಡುವುದು ಅಪಾಯ.

ನೋಡುವ ಸಾಧನಕ್ಕೂ ಬದಲಿಸುವ ಸಾಧನಕ್ಕೂ ನಡುವೆ ಸ್ಪಷ್ಟವಾದ ಬದು ಇರಬೇಕು. ಮೃತರ ಹೆಸರಿನಲ್ಲೇ ಉಳಿದುಹೋದ ಪಹಣಿಗಳನ್ನು ವಾರಸುದಾರರ ಹೆಸರಿಗೆ ಬದಲಿಸಲು ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಅಭಿಯಾನ ಕೈಗೊಂಡಿತು. ಇಂತಹ ಅರ್ಜಿಯಲ್ಲಿ ಒಬ್ಬ ವಾರಸುದಾರಳ ಹೆಸರು ಬಿಟ್ಟುಹೋದರೂ ಅವಳ ಹಕ್ಕು ಮಣ್ಣುಪಾಲಾಗುತ್ತದೆ. ಬಿಟ್ಟುಹೋಗುವುದು ಹೆಚ್ಚಾಗಿ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಹೆಸರೇ ಎಂಬುದು ಎಲ್ಲ ಸಮುದಾಯಗಳಿಗೂ ಗೊತ್ತಿರುವ ಸತ್ಯ. ಅರ್ಜಿ ಸಲ್ಲಿಸುವ ಸಾಧನವನ್ನು ಏಜೆಂಟಿಗೆ ಕೊಡುವುದೇ ಆದರೆ ಅದರ ವಿವರಣೆಯಲ್ಲಿ 'ಎಲ್ಲ ಗಂಡು ಮತ್ತು ಹೆಣ್ಣುಮಕ್ಕಳ ಹೆಸರನ್ನು ಕೇಳಿ ಖಚಿತಪಡಿಸಿಕೋ. ಮನುಷ್ಯರು ಓದಿ ಒಪ್ಪುವವರೆಗೆ ಸಲ್ಲಿಸಬೇಡ' ಎಂಬ ಸಾಲು ಇರಲೇಬೇಕು. ಬರೀ ಸಾಲು ಸಾಲದು, ಒಪ್ಪಿಗೆ ಇಲ್ಲದೆ ಅರ್ಜಿ ಮುಂದೆ ಹೋಗದಂತೆ ತಂತ್ರಾಂಶವೇ ತಡೆಯಬೇಕು. ಬುದ್ಧಿಮಾತಿಗೆ ಬಾಗಿಲು ಕಾಯುವ ಶಕ್ತಿಯಿಲ್ಲ.

ಯಾರು ಬರೆಯಬೇಕು?

ಇಷ್ಟೆಲ್ಲ ಏಕೆ, ಯಂತ್ರ ದಿನದಿನಕ್ಕೆ ಜಾಣವಾಗುತ್ತಿದೆ, ತಾನೇ ಕಲಿತುಕೊಳ್ಳುತ್ತದೆ ಎಂದು ಕೆಲವರು ವಾದಿಸುತ್ತಾರೆ. ಈ ಮಾತಿನಲ್ಲಿ ಅರ್ಧ ಹುರುಳಿದೆ. 40 ಗುಂಟೆಗೆ ಒಂದು ಎಕರೆ ಎಂಬುದನ್ನು ಯಂತ್ರ ಲೋಕದ ಬರಹಗಳಿಂದ ಕಲಿತಿರಬಹುದು. ಆದರೆ ಈ ಸಾಧನದಿಂದ ಬರುವ ಈ ಚುಕ್ಕಿ ದಶಮಾಂಶವೋ ಗುಂಟೆಯೋ ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಸಾಧನ ಮಾಡಿದವನಿಗೆ ಮಾತ್ರ ಗೊತ್ತು. ಅವನು ಬರೆಯದಿದ್ದರೆ ಎಂತಹ ಜಾಣನೂ ಊಹಿಸಲೇಬೇಕು. ಮೇಲಾಗಿ ಕನ್ನಡದಲ್ಲಿ ಕಂದಾಯದ ಪರಿಭಾಷೆಯ ಬಗ್ಗೆ ಯಂತ್ರ ಓದಬಹುದಾದ ಬರಹವೇ ಕಡಿಮೆ. ಇಂಗ್ಲಿಷಿನಲ್ಲಿ ಯೋಚಿಸಿ ಬರೆದ ವಿವರಣೆಯಲ್ಲಿ ಖರಾಬು ಮತ್ತು ಪೌತಿ ತಮ್ಮ ಅರ್ಥ ಕಳೆದುಕೊಳ್ಳುವುದೇ ಹೆಚ್ಚು.

ಬೆಂಗಳೂರಿನ ತಂತ್ರಜ್ಞರೊಬ್ಬರೇ ಇದನ್ನು ಬರೆಯಲಾರರು. ನಿವೃತ್ತ ಗ್ರಾಮ ಲೆಕ್ಕಿಗರು, ಭೂಮಾಪಕರು, ತಾಲ್ಲೂಕು ಕೋರ್ಟಿನ ವಕೀಲರು, ಪತ್ರ ಬರೆಯುವವರು ಜೊತೆಗೆ ಕೂರಬೇಕು. ಹಳೆಯ ಕಾಗದಗಳ ಅರಬ್ಬಿ, ಪಾರ್ಸಿ ಪದಗಳನ್ನು ಮನೆಮಾತಿನ ಬಲದಿಂದ ಗುರುತಿಸಬಲ್ಲ ಉರ್ದು ಬಲ್ಲವರು ನಮ್ಮ ಊರುಗಳಲ್ಲಿ ಇದ್ದಾರೆ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಕಂದಾಯದ ಪದಕೋಶವೊಂದನ್ನು ಸಿದ್ಧಪಡಿಸಿ, ಯಾರು ಬೇಕಾದರೂ ಬಳಸಿಕೊಳ್ಳುವಂತೆ ಮುಕ್ತವಾಗಿ ಕೊಡಬಹುದು. ಕಾಗದದ ಅರ್ಥವನ್ನು ತಲೆಯಲ್ಲಿಟ್ಟುಕೊಂಡಿರುವ ಹಿರಿಯ ತಲೆಮಾರು ಕರಗುತ್ತಿದೆ. ಈ ಕೆಲಸಕ್ಕೆ ಇರುವ ಅವಧಿ ದೊಡ್ಡದಲ್ಲ.

ಹೀಗೆ ಬರೆದ ವಿವರಣೆಯನ್ನು ಯಂತ್ರದ ಹೊಟ್ಟೆಯೊಳಗೆ ಬಚ್ಚಿಡಲೂ ಬಾರದು. ಅದನ್ನು ಕೊಕ್ಕನೂರಿನ ರೈತನೂ ಓದುವಂತೆ ಪ್ರಕಟಿಸಬೇಕು, ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಬಿ ಖರಾಬು ಎಂದರೇನು, 12ನೇ ಕಾಲಂ ಯಾವುದಕ್ಕೆ, ನಕ್ಷತ್ರದ ಚಿಹ್ನೆ ಇರುವ ಆ ಮನೆ ಯಾಕೆ ಎಂಬುದು ಅವನಿಗೆ ಮೊದಲು ತಿಳಿದಿರಬೇಕು. ಆಗ ಏಜೆಂಟ್ ತಪ್ಪು ಉತ್ತರ ಕೊಟ್ಟರೂ ಅವನು ಅದನ್ನು ಹಿಡಿಯಬಲ್ಲ, ತನ್ನ 12 ಗುಂಟೆ ಎಲ್ಲಿ ಹೋಯಿತು ಎಂದು ಕೇಳಬಲ್ಲ.